ಅತ್ತೆ ಒಪ್ಪದ ಅರ್ಧ ಸೈಟಿನ ಮನೆ

ದೊಡ್ಡ ದೊಡ್ಡ ಮನೆಗಳ ನಕ್ಷೆ ಹಾಕುವ ಎಂಜಿನಿಯರುಗಳಿಗೆ ಎಂಥೆಂಥ ಅನುಭವ ಆಗುತ್ತದೋ ನನಗೆ ಗೊತ್ತಿಲ್ಲ. ಸಣ್ಣ ಮನೆ ಕಟ್ಟಿಸಿ ಎಂದು ಬುದ್ಧಿ ಹೇಳಿಕೊಂಡು ತಿರುಗುವ ನನಗಂತೂ ದಾವಣಗೆರೆ ಮತ್ತು ಹರಿಹರದ ನಡುವೆ ವಾರಕ್ಕೊಂದು ತಮಾಷೆ ತಪ್ಪಿದ್ದಲ್ಲ.

ವಿದ್ಯಾನಗರದಲ್ಲಿ ನನ್ನದೊಂದು ಪುಟ್ಟ ಆಫೀಸಿದೆ. ಒಂದು ಟೇಬಲ್ಲು, ಎರಡು ಕುರ್ಚಿ. ಮೂರನೆಯವರು ಬಂದರೆ ನಾನು ಎದ್ದು ನಿಲ್ಲುತ್ತೇನೆ. ಬಂದವರಿಗೆಲ್ಲ ನಾನು ಹೇಳುವುದು ಇಷ್ಟೇ. ಬೇಕಾದಷ್ಟೇ ಕಟ್ಟಿ, ಉಳಿದದ್ದನ್ನು ಮಣ್ಣಿಗೆ ಬಿಡಿ. ಗೋಡೆ ಕಡಿಮೆಯಾದರೆ ಸಿಮೆಂಟು ಕಡಿಮೆ, ತುಂಗಭದ್ರೆಯ ಮರಳು ತುಂಗಭದ್ರೆಯಲ್ಲೇ ಉಳಿಯುತ್ತದೆ, ಮಳೆನೀರು ರಸ್ತೆಗೆ ಹರಿಯದೆ ನಿಮ್ಮ ಅಂಗಳದಲ್ಲೇ ಇಂಗುತ್ತದೆ, ಕಸ ಗುಡಿಸುವವರ ಸೊಂಟವೂ ಉಳಿಯುತ್ತದೆ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅನುಮಾನ ಇರುವುದೆಲ್ಲ ಬೇರೆಯವರಿಗೆ. ಅವರಲ್ಲಿ ಮೊದಲನೆಯವರು ನಮ್ಮ ಅತ್ತೆ.

ಎಂ.ಸಿ.ಸಿ. ಬಡಾವಣೆಯ ಬಾಡಿಗೆ ಮನೆಯಲ್ಲಿದ್ದ ನಾವು ಕೊನೆಗೂ ಸ್ವಂತ ಮನೆ ಕಟ್ಟಲು ಹೊರಟಾಗ, ನಾನು ಸೈಟಿನ ಅರ್ಧಕ್ಕೆ ಮಾತ್ರ ನಕ್ಷೆ ಹಾಕಿದೆ. ಇನ್ನರ್ಧ ಗಿಡಮರಕ್ಕೆ. ಅತ್ತೆ ನಕ್ಷೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಪಾಯಕ್ಕೆ ಸುಣ್ಣದ ಗೆರೆ ಎಳೆದ ದಿನ ಬಂದರು. ಸುಣ್ಣದ ಗೆರೆ ನೋಡಿ ಮನೆಯ ಅಳತೆ ಹೇಳಬಾರದು. ಗೆರೆಯಲ್ಲಿ ಅರಮನೆಯೂ ಪಾನ್ ಅಂಗಡಿಯ ಹಾಗೆ ಕಾಣುತ್ತದೆ. ಆದರೆ ಅತ್ತೆಗೆ ಅದನ್ನೆಲ್ಲ ಹೇಳುವಷ್ಟು ಧೈರ್ಯ ಯಾರಿಗಿದೆ?

"ಪಡಸಾಲೆ ಯಾವ್ದವ್ವಾ?" ಎಂದು ಕೇಳಿದರು.

"ನೀವು ನಿಂತಿರೋದೇ ಪಡಸಾಲೆ ಅತ್ತೆ."

"ಅಡುಗೆಮನೆ?"

"ನಿಮ್ಮ ಎಡಗಾಲು ಇರೋ ಜಾಗ."

ಅತ್ತೆ ಒಮ್ಮೆ ಬಲಗಾಲು ನೋಡಿಕೊಂಡರು, ಒಮ್ಮೆ ಎಡಗಾಲು. "ಹಂಗಾರೆ ನಾನೊಬ್ಬಳೇ ಎರಡು ರೂಮು ತುಂಬಿಬಿಟ್ಟೆ. ಉಳಿದೋರು ಎಲ್ಲಿ ಇರ್ತೀರಿ?"

ಅಲ್ಲೇ ನಿಂತು ತೀರ್ಪನ್ನೂ ಕೊಟ್ಟರು. "ಗೃಹಪ್ರವೇಶಕ್ಕೆ ಬರ್ತೀನಿ. ಹೋಳಿಗೆ ಊಟ ಮಾಡ್ತೀನಿ. ಅವತ್ತು ಸಂಜೆನೇ ದೊಡ್ಡ ಮಗನ ಕಾರ್ ಹತ್ತಿ ಹರಿಹರಕ್ಕೆ ಹೋಗ್ತೀನಿ. ಅಲ್ಲೇ ಇರ್ತೀನಿ."

ಹರಿಹರದಲ್ಲಿ ನಮ್ಮ ಭಾವನವರದು ಮೂರಂತಸ್ತಿನ ಮನೆ. ವ್ಯಾಪಾರ ಚೆನ್ನಾಗಿದೆ, ಮನೆಯೂ ಹಾಗೇ ಇದೆ. ಅತ್ತೆಗೆಂದು ಅಲ್ಲಿ ಒಂದು ಕೋಣೆ ಅಲ್ಲ, ಒಂದು ಅಂತಸ್ತೇ ಕಾದಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಮದುವೆಯಾಗಿ ಬಂದಾಗಿನಿಂದ ನಾನು ದಿನಾ ಜಗಳ ಆಡಿದ್ದೂ ಅವರ ಜೊತೆ, ಜಗಳ ಮುಗಿದ ಮೇಲೆ ಕಾಫಿ ಕುಡಿದದ್ದೂ ಅವರ ಜೊತೆ. ನನ್ನ ಗಂಡ ಒಳ್ಳೆಯ ಮನುಷ್ಯ, ಆದರೆ ಜಗಳಕ್ಕೆ ಪ್ರಯೋಜನವಿಲ್ಲ, ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಅತ್ತೆ ಇಲ್ಲದಿದ್ದರೆ ಆ ಪುಟ್ಟ ಮನೆಯೂ ನನಗೆ ಖಾಲಿ ಖಾಲಿ.

ಹಾಗಾಗಿ ಗೋಡೆ ಮೇಲೇರುತ್ತಿದ್ದಷ್ಟು ದಿನವೂ, ಸಂಜೆ ರೊಟ್ಟಿ ಬಡಿಯುತ್ತ, ನನ್ನ ಗಿರಾಕಿಗಳ ಕಥೆ ಒಂದೊಂದನ್ನೇ ಅತ್ತೆಯ ಕಿವಿಗೆ ಹಾಕುತ್ತ ಬಂದೆ. ಅವರ ಮನಸ್ಸು ತಿರುಗಲಿ ಎಂಬುದೊಂದೇ ಆಸೆ.

ಭತ್ತದ ಬೆಡ್‌ರೂಮು

ಕಡರನಾಯಕನಹಳ್ಳಿಯ ಜಮೀನ್ದಾರರೊಬ್ಬರು ಫೋನ್ ಮಾಡಿ, "ಮನೆ ಸಾಲ್ತಿಲ್ಲ ಮೇಡಂ, ಮೇಲೆ ಇನ್ನೊಂದು ಫ್ಲೋರ್ ಎಬ್ಬಿಸಬೇಕು, ಬಂದು ನೋಡ್ರಿ" ಎಂದರು. ಸ್ಕೂಟರ್ ಹತ್ತಿ ಹೋದೆ. ಮನೆ ಎಂದರೆ ಮನೆ! ಎದುರಿಗೆ ನಾಲ್ಕು ಕಂಬ, ಕಂಬದ ಮೇಲೆ ಸಿಂಹ.

ಒಳಗೆ ಹೋದರೆ ಅಜ್ಜ, ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಒಂದೇ ಹಾಲಿನಲ್ಲಿ, ಒಂದೇ ಫ್ಯಾನಿನ ಕೆಳಗೆ, ಒಂದೇ ಜಮಖಾನೆಯ ಮೇಲೆ ಕೂತು ಟಿವಿ ನೋಡುತ್ತಿದ್ದಾರೆ. ಇಷ್ಟು ರೂಮಿದ್ದರೂ ಇವರೇಕೆ ಇಲ್ಲಿ ಎಂದು ಮಾಸ್ಟರ್ ಬೆಡ್‌ರೂಮಿನ ಬಾಗಿಲು ತೆಗೆದೆ. ಸೂರಿನವರೆಗೂ ಭತ್ತದ ಚೀಲ. ಪಕ್ಕದ ರೂಮಿನಲ್ಲಿ ಮೆಕ್ಕೆಜೋಳ, ಅದಕ್ಕೆ ಅಟ್ಯಾಚ್ಡ್ ಬಾತ್‌ರೂಮು ಬೇರೆ. ಮೇಲಿನ ಮೂರೂ ರೂಮುಗಳಲ್ಲಿ ಗೊಬ್ಬರ, ಹಳೇ ಪಂಪ್‌ಸೆಟ್ಟು, ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆ.

"ಸರ್, ನಿಮಗೆ ಬೇಕಾಗಿರೋದು ಫ್ಲೋರ್ ಅಲ್ಲ, ಗೋದಾಮು. ಹಿತ್ತಲಲ್ಲಿ ಶೀಟ್ ಹಾಕಿ ಒಂದು ಸಣ್ಣದು ಕಟ್ಟಿಸಿದರೆ ಆಯ್ತು. ಭತ್ತ ಅಲ್ಲಿಗೆ ಹೋಗುತ್ತೆ, ಇರೋ ರೂಮುಗಳೆಲ್ಲ ಖಾಲಿಯಾಗುತ್ತವೆ" ಎಂದೆ.

ಅವರು ಗಾಬರಿಯಾದರು. "ಅಯ್ಯೋ, ಬ್ಯಾಡ್ರಿ ಮೇಡಂ! ಅಷ್ಟು ಖಾಲಿ ರೂಮ್ ಇಟ್ಕಂಡು ನಾವೇನ್ ಮಾಡಾನ?"

ಕೇಳಿ ಅತ್ತೆ ನಗುತ್ತಾರೆ ಎಂದುಕೊಂಡಿದ್ದೆ. ಅವರು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಅವರ ಮನ್ಯಾಗೆ ಭತ್ತಕ್ಕಾದ್ರೂ ಜಾಗ ಐತೆ. ನಿನ್ನ ಮನ್ಯಾಗೆ ಒಂದು ಸೇರು ಮಂಡಕ್ಕಿ ಎಲ್ಲಿ ಇಡ್ತೀಯವ್ವಾ?" ಎಂದರು.

ಬೀಗರ ಕೋಣೆ

ದಾವಣಗೆರೆಯ ಬಟ್ಟೆ ವ್ಯಾಪಾರಿಯೊಬ್ಬರಿಗೆ ನಾನು ಹಾಕಿಕೊಟ್ಟ ನಕ್ಷೆ ಬಹಳ ಹಿಡಿಸಿತ್ತು. ಒಂದೇ ತಕರಾರು. ಗೆಸ್ಟ್ ರೂಮ್ ಇರಲಿಲ್ಲ.

"ಯಾರು ಬರ್ತಾರೆ ಸರ್?" ಎಂದೆ.

"ಬೀಗರು."

"ಯಾವೂರು?"

"ಹರಿಹರ."

ಅರ್ಧ ಗಂಟೆ ದಾರಿಯ ಹರಿಹರದಿಂದ ದಾವಣಗೆರೆಗೆ ಬಂದವರು ಇಲ್ಲಿ ಮಲಗಬೇಕೆಂದರೆ ಒಂದೋ ಬಸ್ಸಿನವರು ಮುಷ್ಕರ ಹೂಡಬೇಕು, ಇಲ್ಲವೇ ಊಟದಲ್ಲಿ ಹೋಳಿಗೆ ಹೆಚ್ಚಾಗಬೇಕು. "ಈವರೆಗೆ ಒಂದಿನವಾದರೂ ನಿಮ್ಮ ಮನೆಯಲ್ಲಿ ಉಳಿದಿದ್ದಾರಾ?" ಎಂದು ಕೇಳಿದೆ.

"ಇಲ್ಲ. ಊಟ ಮುಗಿಸಿ ಹೋಗ್ತಾರೆ."

"ಮತ್ತೆ ರೂಮ್ ಯಾಕೆ? ಒಂದು ರೂಮಿನ ಇಟ್ಟಿಗೆ, ಸಿಮೆಂಟು, ಬಣ್ಣ, ಎಲ್ಲ ಉಳಿಯುತ್ತೆ. ಅಲ್ಲಿ ಒಂದು ಮಾವಿನ ಗಿಡ ಹಾಕಿ."

ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಗುಟ್ಟು ಹೇಳುವವರಂತೆ ದನಿ ತಗ್ಗಿಸಿದರು. "ಮೇಡಂ, ನಿಮಗೆ ಇದು ತಿಳಿಯಂಗಿಲ್ಲ. ರೂಮ್ ಇದ್ರೆ ನಾನು ಧೈರ್ಯವಾಗಿ 'ಇವತ್ತು ಇರ್ರಿ, ನಾಳೆ ಹೋಗುವಂತ್ರಿ' ಅಂತೀನಿ. ಅವರು ಮರ್ಯಾದೆಗೆ 'ಇಲ್ಲ ಇಲ್ಲ, ಮನ್ಯಾಗೆ ಕೆಲಸ ಐತೆ' ಅಂತ ಹೋಗ್ತಾರೆ. ರೂಮ್ ಇಲ್ಲ ಅಂತ ಗೊತ್ತಾತು ಅಂತ ತಿಳ್ಕೊಳ್ರಿ, ನಾನೇನ್ ಮಾಡ್ತೀನಿ ನೋಡಾಕಂತಾನೇ ಉಳ್ಕಂಡುಬಿಡ್ತಾರೆ!"

ಈ ವಾದಕ್ಕೆ ನನ್ನ ಕಾಲೇಜಿನಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ರೂಮು ಹಾಕಿಕೊಟ್ಟೆ. ಮಾವಿನ ಗಿಡವನ್ನೂ ಬಿಡಲಿಲ್ಲ, ಕಾರ್ ನಿಲ್ಲಿಸುವ ಜಾಗ ಕಡಿಮೆ ಮಾಡಿ ಹಾಕಿಸಿದೆ.

ಅತ್ತೆಗೆ ಈ ಕಥೆ ಬಹಳ ಇಷ್ಟವಾಯಿತು. ಆದರೆ ತಪ್ಪು ಕಡೆಯಿಂದ. "ನೋಡು, ತಿಳುವಳಿಕೆ ಇರೋ ಮನುಷ್ಯ ಅಂದ್ರೆ ಅವನು" ಎಂದರು.

ಸೋಫಾ ಅಂಗಡಿಯ ಸಾಹೇಬರು

ಹರಿಹರದಲ್ಲಿ ಫರ್ನಿಚರ್ ಅಂಗಡಿ ಇಟ್ಟಿರುವ ಸಾಹೇಬರೊಬ್ಬರಿಗೆ ನನ್ನ ಮೇಲೆ ಬಹಳ ಸಿಟ್ಟಿತ್ತು. ನಾನು ನಕ್ಷೆ ಹಾಕಿಕೊಟ್ಟ ಮನೆಯವರು ಅವರ ಅಂಗಡಿಗೆ ಹೋದರೆ ಟೇಪು ಹಿಡಿದುಕೊಂಡೇ ಹೋಗುತ್ತಿದ್ದರು. ಅವರ ದೊಡ್ಡ ಸೋಫಾ ಸೆಟ್ಟಿಗೆ ಟೇಪು ಹಿಡಿಯುವುದು, ತಲೆ ಅಲ್ಲಾಡಿಸುವುದು, ಎರಡು ಪ್ಲಾಸ್ಟಿಕ್ ಕುರ್ಚಿ ತೆಗೆದುಕೊಂಡು ಬರುವುದು.

ಒಂದು ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ಕಿ ಜೋರು ಮಾಡಿದರು. "ಮೇಡಂ, ನೀವು ಹಿಂಗೆ ಮನೆ ಸಣ್ಣದು ಮಾಡ್ತಾ ಹೋದ್ರೆ ನಮ್ಮ ದಂಧೆ ಏನಾಗ್ಬೇಕು? ಮನುಷ್ಯರು ಕೂಡ್ರೋದೇ ಬ್ಯಾಡಾ?"

"ಕೂರಲಿ ಸಾಹೇಬ್ರೆ. ಕೂರೋ ದಿವಾನದ ಒಳಗೇ ಹಾಸಿಗೆ, ಹೊದಿಕೆ ಇಡೋ ಹಾಗೆ ಮಾಡಿಸಿ. ನನ್ನ ಗಿರಾಕಿಗಳನ್ನೆಲ್ಲ ನಿಮ್ಮ ಹತ್ತಿರಾನೇ ಕಳಿಸ್ತೀನಿ" ಎಂದೆ. ಮಾಡಿಸಿದರು. ಕುದುರಿತು ನೋಡಿ ವ್ಯಾಪಾರ! ದೊಡ್ಡ ಮನೆಯವರೂ ಅದನ್ನೇ ಕೇಳತೊಡಗಿದರು.

ಸ್ವಲ್ಪ ದಿನದ ಮೇಲೆ ಸಾಹೇಬರೇ ನನ್ನ ಆಫೀಸಿಗೆ ಬಂದರು, ಜೊತೆಗೆ ಅವರ ಬೇಗಂ. ಅವರಿಗೂ ಸಣ್ಣ ಮನೆಯ ನಕ್ಷೆ ಬೇಕಂತೆ. ನನಗೆ ಖುಷಿಯೋ ಖುಷಿ. ಕೊನೆಗೂ ಗೆದ್ದೆ ಎಂದುಕೊಂಡು, "ನೀರು, ಕರೆಂಟು ಉಳಿಯಲಿ ಅಂತ ತಾನೇ?" ಎಂದು ಬೀಗುತ್ತ ಕೇಳಿದೆ.

ಸಾಹೇಬರು ಬಾಯಿ ತೆಗೆಯುವ ಮೊದಲೇ ಬೇಗಂ ಹೇಳಿದರು. "ಅದೆಲ್ಲ ಆಮೇಲೆ ಬೆಹೆನ್. ಅಂಗಡ್ಯಾಗೆ ಮಾರಾಟ ಆಗ್ದಿರೋ ಸೋಫಾ, ಕಪಾಟು ಎಲ್ಲ ಇವರು ನಮ್ಮನೆಗೆ ತಂದು ಹಾಕ್ತಾರೆ. ಒಂದು ಸ್ಟೂಲ್ ಕೂಡ ಹೆಚ್ಚಿಗೆ ಹಿಡಿಸಬಾರ್ದು, ಅಂಥಾ ಮನೆ ಹಾಕ್ಕೊಡ್ರಿ."

ನಕ್ಷೆ ಮುಗಿದ ಮೇಲೆ ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಾಗೆ ನಾನು ಎಲ್ಲಿ ಕೂಡ್ರಬೇಕು?" ಎಂದು ಕೇಳಿದರು.

ಬೇಗಂ ಹೇಳಿದರು, "ಅಂಗಡ್ಯಾಗೆ. ಅಲ್ಲಿ ಬೇಕಾದಷ್ಟು ಸೋಫಾ ಅದಾವಲ್ಲ."

ಮುನಿಸಿಕೊಳ್ಳಲು ಜಾಗವಿಲ್ಲ

ಸಣ್ಣ ಮನೆಯ ಮೇಲೆ ನನಗೆ ಬಂದ ದೂರುಗಳಲ್ಲಿ ಇಷ್ಟು ಗಂಭೀರವಾದದ್ದು ಬೇರೊಂದಿಲ್ಲ. ದೂರು ಕೊಟ್ಟವರು ವಿದ್ಯಾನಗರದ ನಿವೃತ್ತ ಲೆಕ್ಚರರು. ಹಳೆಯ ದೊಡ್ಡ ಮನೆ ಮಾರಿ, ಗಂಡ ಹೆಂಡತಿ ಇಬ್ಬರಿಗೆ ಸಾಕಾಗುವ ಪುಟ್ಟ ಮನೆಯನ್ನು ನನ್ನ ಕೈಯಲ್ಲೇ ಕಟ್ಟಿಸಿದ್ದರು.

"ನಿಮ್ಮ ಪ್ಲಾನ್‌ನಾಗೆ ದೊಡ್ಡ ಲೋಪ ಐತೆ" ಎಂದರು ಫೋನಿನಲ್ಲಿ. ಗೋಡೆ ಬಿರುಕು ಬಿಟ್ಟಿತೇ, ತಾರಸಿ ಸೋರಿತೇ ಎಂದು ಸ್ಕೂಟರ್ ಹತ್ತಿ ಓಡಿದೆ.

"ಸಿಟ್ಟು ಮಾಡ್ಕಂಡು ಕೂಡ್ರಾಕೆ ಜಾಗ ಇಲ್ಲ" ಎಂದರು ಮೇಷ್ಟ್ರು.

ಹಳೆಯ ಮನೆಯಲ್ಲಿ ಜಗಳವಾದರೆ ಮೇಷ್ಟ್ರು ಮಹಡಿಗೆ, ಅವರ ಹೆಂಡತಿ ಕೆಳಗೆ. ವಾರಗಟ್ಟಲೆ ಮಾತು ಬಿಡಬಹುದಿತ್ತು. ಈಗ ಮುನಿಸಿಕೊಂಡು ಎದ್ದು ಹೋದರೆ ನಾಲ್ಕು ಹೆಜ್ಜೆಗೆ ಮನೆ ಮುಗಿದು, ತಿರುಗಿ ಅದೇ ಹೆಂಡತಿಯ ಎದುರಿಗೇ ಬರಬೇಕು. "ಮೂರು ಸಲ ಹಿಂಗೆ ಎದುರಾದ್ರೆ ಸಿಟ್ಟು ಉಳಿತೈತೇನ್ರಿ? ನಗು ಬಂದುಬಿಡ್ತೈತೆ. ನನ್ನ ಮರ್ಯಾದೆ ಗತಿ ಏನು?"

"ಅಂಗಳ ಇದೆಯಲ್ಲ ಸರ್. ಅಷ್ಟು ಜಾಗ ಗಿಡಕ್ಕೆ ಬಿಟ್ಟಿದ್ದೇವೆ. ನುಗ್ಗೇಮರದ ಕೆಳಗೆ ಒಂದು ಕಲ್ಲುಬೆಂಚು ಹಾಕಿಸಿಕೊಳ್ಳಿ" ಎಂದೆ. ಹಾಕಿಸಿಕೊಂಡರು. ಆಮೇಲೆ ದೂರು ಬರಲಿಲ್ಲ.

ಆರೇಳು ತಿಂಗಳಾದ ಮೇಲೆ ಅವರ ಹೆಂಡತಿ ಮಾರುಕಟ್ಟೆಯಲ್ಲಿ ಸಿಕ್ಕಾಗ, ಬೆಂಚು ಅನುಕೂಲವಾಯಿತೇ ಎಂದು ವಿಚಾರಿಸಿದೆ.

"ಅನುಕೂಲನಾ? ಮೊದಲನೇ ದಿನ ಇವರು ಅಲ್ಲಿ ಮುಖ ಊದಿಸ್ಕಂಡು ಕೂತಿದ್ದು ನೋಡಿ, ಎದುರು ಮನೆಯೋರು ಪಾಪ ನಾನು ಹೊರಗೆ ಹಾಕೀನಿ ಅಂದ್ಕಂಡ್ರು. ಒಂದು ತಟ್ಟೆ ಮಂಡಕ್ಕಿ, ಬಿಸಿಬಿಸಿ ಮಿರ್ಚಿ ಬಜ್ಜಿ ತಂದುಕೊಟ್ಟು ಸಮಾಧಾನ ಮಾಡಿದ್ರು."

"ಪಾಪ" ಎಂದೆ.

"ಏನು ಪಾಪ? ಈಗ ಎದುರು ಮನ್ಯಾಗೆ ಎಣ್ಣೆ ಕಾದ ವಾಸನೆ ಬಂದ್ರೆ ಸಾಕು, ಇವರು ನನ್ನ ಜೊತೆ ಜಗಳ ತೆಗಿತಾರೆ."

ಈ ಕಥೆಗೆ ಅತ್ತೆ ನಕ್ಕರು. ಸೆರಗು ಬಾಯಿಗೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇನ್ನೇನು ಒಪ್ಪಿದರು ಎಂದು ನಾನು ಕಾಯುತ್ತಿದ್ದರೆ, ಕಣ್ಣು ಒರೆಸಿಕೊಂಡು, "ಹರಿಹರದ ಮನೆಗೆ ಹೋದ ಮೇಲೆ ಇಂಥಾ ಕಥೆ ಯಾರು ಹೇಳ್ತಾರೋ ಏನೋ. ಫೋನ್ ಮಾಡವ್ವಾ" ಎಂದರು. ಅವತ್ತು ನಾನು ಅರ್ಧ ರೊಟ್ಟಿಗೇ ತಟ್ಟೆ ಎತ್ತಿಟ್ಟೆ.

ಹಸು ಕಂಡುಹಿಡಿದ ಜಾಗ

ಗೃಹಪ್ರವೇಶದ ದಿನ ಬಂತು. ದಾವಣಗೆರೆಯ ಬಿಸಿಲು ಬೆಳಗ್ಗೆಯೇ ನೆತ್ತಿ ಸುಡುತ್ತಿತ್ತು. ಭಾವನವರು ಹರಿಹರದಿಂದ ಕಾರಿನಲ್ಲಿ ಬಂದು, ಅದನ್ನು ಗೇಟಿನ ಎದುರಿಗೇ, ಹರಿಹರದ ಕಡೆ ಮುಖ ಮಾಡಿ ನಿಲ್ಲಿಸಿದರು. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡು, ಬಂದವರನ್ನೆಲ್ಲ "ಬರ್ರಿ, ಕೂಡ್ರಿ" ಎಂದು ಮಾತಾಡಿಸುತ್ತಿದ್ದರು. ಒಳಗೆ ಮಾತ್ರ ಬರಲೊಲ್ಲರು. "ನಾನು ಬ್ಯಾರೆ ಯಾಕೆ ಇಕ್ಕಟ್ಟು ಮಾಡ್ಲಿ" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು.

ಪಡಸಾಲೆಯ ಒಂದು ಮೂಲೆಯಲ್ಲಿ, ಬೇವಿನ ಮರದ ಕಡೆಗಿರುವ ದೊಡ್ಡ ಕಿಟಕಿಯ ಕೆಳಗೆ, ಒಂದು ಮಂಚ ಹಿಡಿಸುವಷ್ಟು ಜಾಗವನ್ನು ನಾನು ಬೇರೆಯಾಗಿ ಬಿಟ್ಟಿದ್ದೆ. ಇಡೀ ಮನೆಯಲ್ಲಿ ಅದೇ ತಂಪಾದ ಜಾಗ. ಎದುರಿನ ಬಾಗಿಲಿನಿಂದ ಬಂದ ಗಾಳಿ ಅದರ ಮೇಲೇ ಹಾದು ಹೋಗುತ್ತದೆ. ಅಲ್ಲಿ ಕೂತರೆ ರಸ್ತೆಯಲ್ಲಿ ಯಾರು ಯಾರ ಜೊತೆ ಹೋದರು ಎಂಬುದೂ ಕಾಣುತ್ತದೆ. ಬೆಳಗ್ಗೆ ಬಾಗಿಲಿಗೆ ತೋರಣ ಕಟ್ಟುವಾಗ ಅತ್ತೆಯನ್ನು ಕೈಹಿಡಿದು ಕರೆದುಕೊಂಡು ಹೋಗಿ, "ಇದು ನಿಮಗೆ ಅಂತಾನೇ ಬಿಟ್ಟಿದ್ದು ಅತ್ತೆ" ಎಂದು ತೋರಿಸಿದ್ದೆ.

"ನನಗ್ಯಾಕೆ? ನಾನು ಸಂಜಿಗೆ ಹೋಗಾಕಿ. ಅಲ್ಲಿ ನಿನ್ನ ಟಿವಿ ಇಡು" ಎಂದು ಹೊರಗೆ ಹೋದರು. ಆದರೆ ಸ್ವಲ್ಪ ಹೊತ್ತಿನ ಮೇಲೆ ನಾನು ಅರಿಶಿನ ಕುಂಕುಮದ ತಟ್ಟೆ ತರಲು ಒಳಗೆ ಬಂದಾಗ, ಆ ಕಿಟಕಿಯ ಹತ್ತಿರ ಒಬ್ಬರೇ ನಿಂತು ಸೆರಗು ಸಡಿಲಿಸಿಕೊಂಡು ಗಾಳಿಗೆ ಕುತ್ತಿಗೆ ಒಡ್ಡಿದ್ದರು. ನನ್ನನ್ನು ಕಂಡು, "ಧೂಳು ಬರ್ತೈತಾ ಅಂತ ನೋಡಿದೆ" ಎಂದರು.

ನಮ್ಮ ಕಡೆ ಪೂಜೆಗೆ ಮೊದಲು ಹೊಸ ಮನೆಯೊಳಗೆ ಹಸು ಕರು ಹೊಗಿಸುತ್ತೇವೆ. ಪಕ್ಕದ ಬೀದಿಯ ಹಸು ಬಂತು. ಒಳ್ಳೆಯ ಮೈಕಟ್ಟಿನ ಹಸು, ಮನೆಯ ಬಾಗಿಲಿಗೆ ಅಳತೆ ತೆಗೆದಂತಿತ್ತು. ಭಾವನವರು ನನ್ನ ಕಿವಿಯ ಹತ್ತಿರ ಬಂದು, "ಒಳಗೆ ಹೋದ್ರೆ ತಿರುಗಾಕೆ ಜಾಗ ಇಲ್ಲವ್ವಾ. ರಿವರ್ಸ್ ಹೆಂಗೆ ತೆಗಿತೀಯ?" ಎಂದು ನಕ್ಕರು. ಅವರ ಮನೆಯ ಗೃಹಪ್ರವೇಶದಲ್ಲಿ ಹಸು ಗ್ರಾನೈಟಿನ ಮೇಲೆ ಜಾರಿ, ಹೆದರಿ, ಬಂದ ದಾರಿಯಲ್ಲೇ ಓಡಿಹೋಗಿತ್ತು. ಅದನ್ನು ನಾನು ಎತ್ತಲಿಲ್ಲ, ಹಿರಿಯರು. "ತಿರುಗೋದು ಬೇಡ ಭಾವ. ಮುಂಬಾಗಿಲು ಹಿಂಬಾಗಿಲು ನೇರ ಇದೆ. ಹಿಂಗೆ ಹೋಗಿ ಹಂಗೆ ತೋಟಕ್ಕೆ ಇಳಿಯುತ್ತೆ" ಎಂದೆ. ಎಲ್ಲ ಯೋಚನೆ ಮಾಡಿಯೇ ನಕ್ಷೆ ಹಾಕಿದ್ದೆ. ಹಸುವಿನ ಯೋಚನೆ ಏನೆಂದು ಮಾತ್ರ ಕೇಳಿರಲಿಲ್ಲ.

ಪೂಜೆ ಮಾಡಿಸಲು ಬಂದ ಐನೋರು ಮಂತ್ರ ಹೇಳಿದರು, ನಾನು ಆರತಿ ಎತ್ತಿದೆ. ಹಸು ಬಲಗಾಲಿಟ್ಟು ಒಳಗೆ ಬಂತು, ಕರು ಹಿಂದೆ. ಹಸು ಪಡಸಾಲೆಯ ನಡುವೆ ನಿಂತು, ಮೂಗು ಎತ್ತಿ, ಗಾಳಿ ಎಲ್ಲಿಂದ ಬರುತ್ತಿದೆ ಎಂದು ನೋಡಿತು. ನೋಡಿದ್ದೇ ತಡ, ಹಿಂಬಾಗಿಲ ಕಡೆಗೆ ಹೋಗದೆ, ನೆಟ್ಟಗೆ ಆ ಕಿಟಕಿಯ ಕೆಳಗಿನ ಜಾಗಕ್ಕೆ ಹೋಗಿ, ಮುಂಗಾಲು ಮಡಚಿ, ಹಿಂಗಾಲು ಮಡಚಿ, ಉಸ್ಸೆಂದು ಕೂತುಬಿಟ್ಟಿತು. ಕೂತು ಮೆಲುಕು ಹಾಕತೊಡಗಿತು. ಕರು ಅದಕ್ಕೆ ಒರಗಿ ಮಲಗಿತು.

ನನ್ನ ನಕ್ಷೆಯನ್ನು ಯಾರೂ ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ.

ಹಸುವಿನ ಯಜಮಾನ ಹಗ್ಗ ಎಳೆದ. ಅದು ಕಿವಿ ಅಲ್ಲಾಡಿಸಿತು, ಅಷ್ಟೇ. ಬಾಳೆಹಣ್ಣು ತೋರಿಸಿದರು. ಕೂತಲ್ಲೇ ಕುತ್ತಿಗೆ ಚಾಚಿ ಇಡೀ ಚಿಪ್ಪು ತಿಂದು ಮುಗಿಸಿತು. ಐನೋರಿಗೆ ಬಹಳ ಸಂತೋಷ. "ಬ್ಯಾರೆ ಮನ್ಯಾಗೆಲ್ಲ ಹೊಕ್ಕು ಹೋಗ್ತೈತೆ. ಇಲ್ಲಿ ಕೂತೈತೆ ನೋಡ್ರಿ! ಮನೆಯೋರ ಪುಣ್ಯ. ಎಬ್ಬಿಸಬ್ಯಾಡ್ರಿ, ಅದು ಇರೋವಷ್ಟು ಹೊತ್ತು ಇರ್ಲಿ" ಎಂದರು. ನೆಂಟರೆಲ್ಲ ಬಾಗಿಲಲ್ಲಿ ಮುತ್ತಿ ಕೈಮುಗಿದರು. ಕೆಲವರು ಫೋಟೋ ತೆಗೆದುಕೊಂಡರು. ಹಸು ಕಣ್ಣು ಮುಚ್ಚಿತು.

ಹೊರಗೆ ಶಾಮಿಯಾನದಲ್ಲಿ ಕೂತಿದ್ದ ಅತ್ತೆಗೆ ಒಳಗೆ ಏನು ಗದ್ದಲ ಎಂದು ತಿಳಿಯಲಿಲ್ಲ. "ಸರೀರಿ, ಸರೀರಿ" ಎನ್ನುತ್ತ ಜನರನ್ನು ಸರಿಸಿಕೊಂಡು ಹೊಸ್ತಿಲು ದಾಟಿ ಬಂದರು. ಕಿಟಕಿಯ ಕಡೆ ನೋಡಿದರು. ಬೇವಿನ ಗಾಳಿಗೆ ಹಸು ತೂಕಡಿಸುತ್ತಿತ್ತು.

"ಏಯ್! ಎಬ್ಬಿಸ್ರೋ ಅದನ್ನ!" ಎಂದು ಅತ್ತೆ ಕೂಗಿದ ಕೂಗಿಗೆ ಐನೋರ ಮಂತ್ರವೇ ನಿಂತಿತು. "ಅದು ನನ್ನ ಮಂಚ ಹಾಕೋ ಜಾಗ!"

ನಾನು ಆರತಿ ತಟ್ಟೆ ಹಿಡಿದುಕೊಂಡೇ ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಮುಖ ನೋಡಲಿಲ್ಲ. ನನ್ನ ಗಂಡ ಅಭ್ಯಾಸಬಲದಿಂದ "ಹೂಂ" ಎಂದರು. ಯಾರೋ ಒಬ್ಬರು ಕಿಸಕ್ಕೆಂದದ್ದೇ ಸಾಕಾಯಿತು, ಇಡೀ ಪಡಸಾಲೆ ಗೊಳ್ಳೆಂದಿತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಭಾವನವರು ಮಾತ್ರ ಕಾರಿನ ಕೀ ಕೈಯಲ್ಲಿ ಹಿಡಿದು ಮೆಲ್ಲಗೆ ಕೇಳಿದರು. "ಅವ್ವಾ, ಹಂಗಾರೆ ಸಂಜಿಗೆ ಹರಿಹರಕ್ಕೆ?"

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಸುವಿನ ಎದುರಿಗೇ ಕುರ್ಚಿ ಎಳೆದು ಕೂತರು.

"ನೀನು ಹೋಗಪ್ಪಾ. ನಾನೀಗ ಎದ್ದು ಬಂದ್ರೆ ಇದು ಇಲ್ಲೇ ಇದ್ದುಬಿಡ್ತೈತೆ."